ಐರನ್ ಮಾತ್ರೆ ಹೊಟ್ಟೆಗೆ ಒಗ್ಗುತ್ತಿಲ್ಲವೇ? ಪ್ರಮಾಣ, ಹೊತ್ತು, ಊಟ, ಅಡ್ಡಪರಿಣಾಮಗಳ ಸಮಗ್ರ ಮಾರ್ಗದರ್ಶಿ

ರಕ್ತ ಕಮ್ಮಿ ಇದೆ ಎಂದು ಡಾಕ್ಟರು ಬರೆದುಕೊಟ್ಟ ಐರನ್ ಮಾತ್ರೆಯನ್ನು ನಾಲ್ಕು ದಿನ ನುಂಗಿ, ಹೊಟ್ಟೆ ತೊಳಸಿತೆಂದೋ ಮಲ ಕಪ್ಪಾಯಿತೆಂದೋ ಬಿಟ್ಟುಬಿಡುವವರು ಬಹಳ. ಬಿಟ್ಟ ಮೇಲೆ ಶುರುವಾಗುವುದು ಬೀಟ್‌ರೂಟ್ ಜ್ಯೂಸು, ದಾಳಿಂಬೆ, ಖರ್ಜೂರ. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಇದ್ದಲ್ಲೇ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ, ಮೆಡಿಕಲ್ ಶಾಪಿನಲ್ಲೂ ದುಬಾರಿಯೇನಲ್ಲ. ತೊಡಕಿರುವುದು ನುಂಗುವ ಕ್ರಮದಲ್ಲಿ. ಅಡ್ಡಪರಿಣಾಮ ಸುಳ್ಳಲ್ಲ, ಆದರೆ ಪ್ರಮಾಣ ಮತ್ತು ಹೊತ್ತು ಬದಲಿಸಿದರೆ ಹೆಚ್ಚಿನವರಿಗೆ ಅದು ತಡೆದುಕೊಳ್ಳುವಷ್ಟಕ್ಕೆ ಇಳಿಯುತ್ತದೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ದೊಡ್ಡವರಿಗೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಎದೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ, ಅಥವಾ ಹಿಮೋಗ್ಲೋಬಿನ್ 7–8ರ ಆಸುಪಾಸು ಇದ್ದರೆ ಮೊದಲು ಆಸ್ಪತ್ರೆಗೆ ಹೋಗಿ. ಓದುವುದು ಆಮೇಲೆ.

ಕೊರತೆ ಕಬ್ಬಿಣದ್ದೇ ಎಂದು ಖಾತ್ರಿ ಮಾಡಿಕೊಳ್ಳಿ

ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12, ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಈ ಅಂಕಿ ಕಾರಣ ಏನೆಂದು ಹೇಳುವುದಿಲ್ಲ. ಅದಕ್ಕೆ ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ವರದಿಯಲ್ಲಿ ಎಂಸಿವಿ ಎಂಬ ಸಾಲು ಹುಡುಕಿ. ಅದು ಕೆಂಪು ರಕ್ತಕಣದ ಸರಾಸರಿ ಗಾತ್ರ. 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶದ ಕೊರತೆಯ ಅನುಮಾನ. 100 ದಾಟಿದ್ದರೆ ವಿಟಮಿನ್ ಬಿ12 ಅಥವಾ ಫೋಲಿಕ್ ಆಸಿಡ್ ಕಡೆ ನೋಡಬೇಕು. ಶುದ್ಧ ಸಸ್ಯಾಹಾರಿಗಳಲ್ಲಿ ಎರಡೂ ಕೊರತೆ ಒಟ್ಟಿಗೇ ಇದ್ದು, ಎಂಸಿವಿ ನಡುವೆ ನಿಂತು ಎಲ್ಲ ಸರಿಯಿದೆ ಎಂಬಂತೆ ಕಾಣುವುದೂ ಉಂಟು.

ದೇಹದ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತಿಳಿಸುವುದು ಫೆರಿಟಿನ್ ಪರೀಕ್ಷೆ. ಒಂದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ನಿಸ್ಸಂಶಯ. 30ಕ್ಕಿಂತ ಕಡಿಮೆಯಿದ್ದರೂ ಬಹಳಷ್ಟು ವೈದ್ಯರು ಚಿಕಿತ್ಸೆ ಶುರುಮಾಡುತ್ತಾರೆ. ಜ್ವರ, ಸೋಂಕು, ಕೀಲುಬಾವು ಇದ್ದಾಗ ಫೆರಿಟಿನ್ ತಾನೇ ಏರುವುದರಿಂದ ಆಗ ಮಾಡಿಸಿದ ವರದಿ ನಂಬಿ ಕೂರಬೇಡಿ.

ಎಂಸಿವಿ ಬಹಳ ಕಡಿಮೆ, ಫೆರಿಟಿನ್ ಮಾತ್ರ ಚೆನ್ನಾಗಿದೆ, ವರ್ಷಗಟ್ಟಲೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 10–11ರಿಂದ ಕದಲುತ್ತಿಲ್ಲ ಎಂದಾದರೆ ಅದು ತಂದೆ ಅಥವಾ ತಾಯಿಯಿಂದ ಬಂದ ತಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ) ವಾಹಕ ಸ್ಥಿತಿ ಇರಬಹುದು. ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಕಬ್ಬಿಣ ಸಾಕಷ್ಟಿರುವ ವಾಹಕರಿಗೆ ಐರನ್ ಮಾತ್ರೆಯಿಂದ ಉಪಯೋಗವಿಲ್ಲ, ಸುಮ್ಮನೆ ಹೊಟ್ಟೆನೋವು. ಮದುವೆಗೆ ಮುಂಚೆ ಅಥವಾ ಬಸುರಿನ ಮೊದಲ ತಿಂಗಳುಗಳಲ್ಲಿ ಇದು ಗೊತ್ತಾದರೆ ಸಂಗಾತಿಯ ಪರೀಕ್ಷೆಯನ್ನೂ ಮಾಡಿಸಬೇಕು.

ಇನ್ನೊಂದು ಗುರುತು ಪರೀಕ್ಷೆಗೆ ಮುಂಚೆ ಮನೆಯಲ್ಲೇ ಕಾಣುತ್ತದೆ. ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವುದು, ಬಳಪ, ಸೀಮೆಸುಣ್ಣ, ಮಣ್ಣು ತಿನ್ನಬೇಕೆನಿಸುವುದು, ಐಸ್ ಕಡಿಯುವುದು. ಇದನ್ನು ಕೆಟ್ಟ ಚಾಳಿ ಎಂದು ಬೈದು ಪ್ರಯೋಜನವಿಲ್ಲ. ಕಬ್ಬಿಣಾಂಶದ ಕೊರತೆಯಲ್ಲಿ ಹೀಗೆ ಆಗುತ್ತದೆ. ಎಷ್ಟೋ ಜನರಿಗೆ ಹಿಮೋಗ್ಲೋಬಿನ್ ಏರುವ ಮುಂಚೆಯೇ, ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಈ ಬಯಕೆ ಹೋಗಿಬಿಡುತ್ತದೆ.

ಸ್ಟ್ರಿಪ್ಪಿನ ಹಿಂಬದಿ ಓದಿ

ಮಾತ್ರೆಯಲ್ಲಿರುವುದು ಬರೀ ಕಬ್ಬಿಣವಲ್ಲ, ಕಬ್ಬಿಣದ ಲವಣ. ಲೆಕ್ಕಕ್ಕೆ ಬರುವುದು ಅದರೊಳಗಿನ ನಿಜವಾದ ಕಬ್ಬಿಣ, ಅಂದರೆ ‘ಎಲಿಮೆಂಟಲ್ ಐರನ್’ ಎಂದು ಬರೆದಿರುವ ಅಂಕಿ. ಫೆರಸ್ ಫ್ಯೂಮರೇಟಿನಲ್ಲಿ ಕಬ್ಬಿಣ ಸುಮಾರು ಮೂರನೇ ಒಂದು ಪಾಲು. 300 ಮಿ.ಗ್ರಾಂ ಮಾತ್ರೆಯಲ್ಲಿ ಹತ್ತಿರಹತ್ತಿರ 100 ಮಿ.ಗ್ರಾಂ ಕಬ್ಬಿಣ. 200 ಮಿ.ಗ್ರಾಂ ಒಣ ಫೆರಸ್ ಸಲ್ಫೇಟಿನಲ್ಲಿ ಸುಮಾರು 65. ಗ್ಲೂಕೊನೇಟಿನಲ್ಲಿ ಶೇ. 12 ಮಾತ್ರ, ಹಾಗಾಗಿ 300 ಮಿ.ಗ್ರಾಂ ಮಾತ್ರೆಗೆ 35ರಷ್ಟು. ಅಂಗಡಿಯಲ್ಲಿ ಹೆಚ್ಚು ಓಡುವ ಫೆರಸ್ ಆಸ್ಕಾರ್ಬೇಟ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಕಬ್ಬಿಣ ಎಂದು ನೇರವಾಗಿ ಬರೆದಿರುತ್ತಾರೆ.

ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ಬಸುರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಇನ್ನೂ 180 ದಿನ ದಿನಕ್ಕೊಂದು ಎಂಬುದು ಸರ್ಕಾರಿ ಕ್ರಮ. ಶಾಲೆಯಲ್ಲಿ ಹದಿಹರೆಯದವರಿಗೆ ವಾರಕ್ಕೊಂದರಂತೆ ಕೊಡುವ ನೀಲಿ ಮಾತ್ರೆಯಲ್ಲೂ ಅಷ್ಟೇ ಇದೆ. ಬಣ್ಣ ಮಾತ್ರ ಬೇರೆ. 5ರಿಂದ 9 ವರ್ಷದವರ ಗುಲಾಬಿ ಮಾತ್ರೆಯಲ್ಲಿ 45 ಮಿ.ಗ್ರಾಂ. ಈ ಕೆಂಪು ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ಹೊಟ್ಟೆಯಲ್ಲಿ ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಎರಡಕ್ಕೂ ಆಧಾರವಿಲ್ಲ. ಕಪ್ಪಾಗುವುದು ಮಲ ಮಾತ್ರ.

‘ಎಸ್‌ಆರ್’, ‘ಟೈಮ್ಡ್ ರಿಲೀಸ್’ ಎಂದಿರುವ, ನಿಧಾನಕ್ಕೆ ಕರಗುವ ಮಾತ್ರೆಗಳು ಹೊಟ್ಟೆಗೆ ಹಿತವೆನಿಸುತ್ತವೆ, ನಿಜ. ಕಬ್ಬಿಣ ಹೀರಿಕೆಯಾಗುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಇಂಥ ಮಾತ್ರೆ ಆ ಜಾಗ ದಾಟಿದ ಮೇಲೆ ಕರಗುತ್ತಾ ಹೋಗುವುದರಿಂದ ಎಷ್ಟೋ ಪಾಲು ಹಾಗೇ ಹೊರಬೀಳುತ್ತದೆ. ಹಿತವಾಗಿದೆ ಎಂಬುದಕ್ಕೆ ಕಾರಣವೂ ಅದೇ.

ದಿನಕ್ಕೆ ಎರಡು ಹೊತ್ತು ಬೇಕೇ?

ಹಿಂದೆ ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಬರೆಯುವುದು ರೂಢಿಯಾಗಿತ್ತು. ಈಗಿನ ತಿಳಿವಳಿಕೆ ಬೇರೆ. 60 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಕಬ್ಬಿಣ ಒಮ್ಮೆಗೆ ಒಳಹೋದರೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಅದರ ಕೆಲಸ ಕರುಳಿನ ಬಾಗಿಲು ಹಾಕುವುದು. ಸುಮಾರು 24 ಗಂಟೆ ಕಾಲ ಹೀರಿಕೆ ತಗ್ಗುತ್ತದೆ. ಅಷ್ಟರೊಳಗೆ ನುಂಗಿದ ಎರಡನೆಯ ಮಾತ್ರೆಯಲ್ಲಿ ದೇಹಕ್ಕೆ ದಕ್ಕುವ ಪಾಲು ಕಡಿಮೆ. ಉಳಿದದ್ದು ಕರುಳಿನಲ್ಲೇ ಕೂತು ಹೊಟ್ಟೆ ತೊಳಸುವುದು, ಮಲ ಗಟ್ಟಿಯಾಗುವುದು ಎಲ್ಲ ಮಾಡುತ್ತದೆ. ಜ್ಯೂರಿಕ್‌ನ ಸಂಶೋಧಕರು 2015 ಮತ್ತು 2017ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಕಬ್ಬಿಣ ಕಡಿಮೆಯಿದ್ದ ಹೆಂಗಸರಿಗೆ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆಯಾದ ಪಾಲು ಹೆಚ್ಚಿತ್ತು.

ಇದನ್ನು ಹೀಗೆ ಬಳಸಿಕೊಳ್ಳಿ. ಬಸುರಿಯಲ್ಲದ, ಕೊರತೆ ತೀವ್ರವಾಗಿಲ್ಲದ ದೊಡ್ಡವರು ಎರಡು ಹೊತ್ತಿನ ಮಾತ್ರೆಯಿಂದ ಕಷ್ಟಪಡುತ್ತಿದ್ದರೆ ಒಂದೇ ಹೊತ್ತಿಗೆ ಇಳಿಸಬಹುದೇ ಎಂದು ವೈದ್ಯರನ್ನು ಕೇಳಿ. ಅದೂ ಕಷ್ಟವಾದರೆ ದಿನ ಬಿಟ್ಟು ದಿನ ಒಂದು. ಮರೆತುಹೋಗುತ್ತದೆ ಎನ್ನುವವರು ಸೋಮ, ಬುಧ, ಶುಕ್ರ ಎಂದು ಗೊತ್ತುಮಾಡಿಕೊಂಡು ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ ಬರೆದಿಡಲಿ. ಗರ್ಭಿಣಿಯರು ಮಾತ್ರ ತಾವಾಗಿಯೇ ದಿನ ಬಿಡಬಾರದು. ಹೆರಿಗೆಗೆ ಉಳಿದಿರುವ ವಾರಗಳು ಎಣಿಕೆಯವು, ಹಿಮೋಗ್ಲೋಬಿನ್ ಅಷ್ಟರೊಳಗೆ ಏರಬೇಕು. ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗುವುದೂ ಬೇಡ.

ಕಾಫಿಯ ಲೆಕ್ಕ

ನಮ್ಮ ಕಡೆ ಐರನ್ ಮಾತ್ರೆ ಕೆಲಸ ಮಾಡದಿರುವುದಕ್ಕೆ ದೊಡ್ಡ ಕಾರಣ ಬೆಳಗಿನ ಕಾಫಿ, ಸಂಜೆಯ ಟೀ. ಎರಡರಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ. 100 ಮಿ.ಗ್ರಾಂ ಮಾತ್ರೆಯನ್ನು ಕಾಫಿಯ ಜೊತೆ ತೆಗೆದುಕೊಂಡರೆ ಹೀರಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಾಫಿ ಮತ್ತು ತಿಂಡಿ ಎರಡರ ಜೊತೆ ತೆಗೆದುಕೊಂಡರೆ ಮೂರನೇ ಒಂದಕ್ಕೆ. ಸ್ಟ್ರಾಂಗ್ ಡಿಕಾಕ್ಷನ್, ಕುದಿಸಿ ಕುದಿಸಿ ಕಪ್ಪಾದ ಟೀ ಇನ್ನೂ ಕೆಟ್ಟದ್ದು. ಹಾಲು ಜಾಸ್ತಿ ಹಾಕಿಕೊಂಡರೆ ಇದು ಸರಿಹೋಗುವುದಿಲ್ಲ.

ಹಿಂದೆಮುಂದೆಯ ಲೆಕ್ಕದಲ್ಲಿ ಒಂದು ಸ್ವಾರಸ್ಯವಿದೆ. ಊಟದಲ್ಲಿನ ಕಬ್ಬಿಣದ ಬಗ್ಗೆ ನಡೆಸಿದ ಹಳೆಯ ಅಧ್ಯಯನವೊಂದರಲ್ಲಿ, ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಗೆ ಅಡ್ಡಿ ಮಾಡಲಿಲ್ಲ, ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಮಾತ್ರ ಜೊತೆಯಲ್ಲಿ ಕುಡಿದಷ್ಟೇ ಅಡ್ಡಿ ಮಾಡಿತು. ಅಂದರೆ ಕಾಫಿ ಬಿಡಲಾಗದವರು ಅದನ್ನು ಮೊದಲೇ ಮುಗಿಸಿಬಿಡುವುದು ಜಾಣತನ. ಮಾತ್ರೆ ನುಂಗಿದ ಮೇಲೆ ಎರಡು ಗಂಟೆ ಕಾಫಿ, ಟೀ, ಹಾಲು, ಮೊಸರು ಯಾವುದೂ ಬೇಡ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೀರಿಕೆ ಎಲ್ಲಕ್ಕಿಂತ ಚೆನ್ನ. ಮಧ್ಯಾಹ್ನದ ಮೇಲೆ ಕಡಿಮೆಯಾಗುತ್ತದೆ. ಹಾಗಾಗಿ ಆದರ್ಶ ಕ್ರಮ ಇದು: ಎದ್ದು ಬಾಯಿ ತೊಳೆದು ಆರು ಗಂಟೆಗೆ ಒಂದು ಲೋಟ ನೀರು, ಬೇಕಾದರೆ ಅರ್ಧ ಹೋಳು ನಿಂಬೆ ಹಿಂಡಿಕೊಂಡು, ಅದರಲ್ಲಿ ಮಾತ್ರೆ. ಏಳೂವರೆಗೆ ತಿಂಡಿ. ಎಂಟು ಗಂಟೆಯ ನಂತರ ಕಾಫಿ. ಎರಡು ಗಂಟೆ ಕಾಫಿಯಿಲ್ಲದೆ ಇರುವುದು ಆಗದ ಮಾತು ಎನ್ನುವವರು ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು ನುಂಗಲಿ. ಆದರೆ ನುಂಗಿದ ಕೂಡಲೇ ಮಲಗಬಾರದು. ಗುಟುಕು ನೀರಿನಲ್ಲಿ ನುಂಗಿ ಒರಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಅಲ್ಲಿ ಹುಣ್ಣಾಗುತ್ತದೆ. ಪೂರ್ತಿ ಲೋಟ ನೀರು, ಆಮೇಲೆ ಅರ್ಧ ಗಂಟೆ ಕೂತಿರುವುದು ಅಥವಾ ಓಡಾಡುವುದು. ವಯಸ್ಸಾದವರಿಗೆ ಇದನ್ನು ಮರೆಯದೆ ಹೇಳಿ.

ನಿಂಬೆರಸದಿಂದ ನೆರವಾಗುತ್ತದೆ. ಇದಕ್ಕೆಂದೇ ವಿಟಮಿನ್ ಸಿ ಮಾತ್ರೆ ಬೇರೆ ಕೊಳ್ಳುವ ಅಗತ್ಯವಿಲ್ಲ.

ಜೊತೆಯಲ್ಲಿ ನುಂಗುವ ಬೇರೆ ಮಾತ್ರೆಗಳು

ಕ್ಯಾಲ್ಸಿಯಂ ಮತ್ತು ಐರನ್ ಒಟ್ಟಿಗೆ ನುಂಗಬಾರದು, ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಗರ್ಭಿಣಿಯರಿಗೆ ಎರಡನ್ನೂ ಒಂದೇ ಕವರಿನಲ್ಲಿ ಹಾಕಿ ಕೊಡುವುದರಿಂದ ಒಟ್ಟಿಗೇ ನುಂಗುವುದು ಬಹಳ ಸಾಮಾನ್ಯ. ಕ್ಯಾಲ್ಸಿಯಂ ತಿಂಡಿ, ಊಟದ ಜೊತೆ. ಐರನ್ ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಂತರ ನಾಲ್ಕು ಗಂಟೆ. ಬೆಳಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ–ತಿಂಡಿ, ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಹತ್ತಕ್ಕೆ ಐರನ್ ಎಂದಿಟ್ಟುಕೊಂಡರೆ ಯಾವುದೂ ಯಾವುದಕ್ಕೂ ಅಡ್ಡ ಬರುವುದಿಲ್ಲ. ಐರನ್ ಶುರುಮಾಡಿದ ಮೇಲೆ ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಕಾರಣವಿಲ್ಲದೆ ಏರಿದರೆ ಥೈರಾಯ್ಡ್ ಡೋಸ್ ಹೆಚ್ಚಿಸುವ ಮುನ್ನ ಈ ಅಂತರ ಸರಿಯಿದೆಯೇ ನೋಡಬೇಕು.

ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಥರದ ಆ್ಯಂಟಿಬಯಾಟಿಕ್‌ಗಳ ಜೊತೆ ಐರನ್ ಸೇರಿದರೆ ಆ್ಯಂಟಿಬಯಾಟಿಕ್ಕೇ ಕೆಲಸ ಮಾಡುವುದಿಲ್ಲ. ಐದಾರು ದಿನದ ಕೋರ್ಸ್ ಆದರೆ ಅಷ್ಟು ದಿನ ಐರನ್ ನಿಲ್ಲಿಸಬಹುದೇ ಎಂದು ಕೇಳಿ; ಗೊಂದಲ ತಪ್ಪುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೊಪಾ ಕೂಡ ಇದೇ ಪಟ್ಟಿಯಲ್ಲಿದೆ.

ಇನ್ನು ‘ಗ್ಯಾಸ್ ಮಾತ್ರೆ’. ಐರನ್‌ನಿಂದ ಎದೆಯುರಿ ಬಂತೆಂದು ಪ್ಯಾಂಟೊಪ್ರಜೋಲ್ ಸೇರಿಸುವುದು ಬಹಳ ನಡೆಯುತ್ತದೆ. ಕಬ್ಬಿಣ ಕರಗಿ ಹೀರಿಕೆಯಾಗಲು ಹೊಟ್ಟೆಯ ಆಮ್ಲ ಬೇಕು. ಈ ಮಾತ್ರೆ ತಗ್ಗಿಸುವುದು ಅದೇ ಆಮ್ಲವನ್ನು. ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗುತ್ತಿರುವವರ ರಕ್ತಹೀನತೆ ಮಾತ್ರೆಗೆ ಬಗ್ಗದಿದ್ದರೆ ಮೊದಲು ನೋಡಬೇಕಾದದ್ದು ಇದನ್ನು. ಆದರೆ ಹೃದಯದ ಕಾಯಿಲೆಗೆ ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಅದನ್ನು ಹೊಟ್ಟೆಯ ರಕ್ಷಣೆಗೆ ಬರೆದಿರುತ್ತಾರೆ. ಸ್ವಂತಕ್ಕೆ ನಿಲ್ಲಿಸಬೇಡಿ.

ಅಡ್ಡಪರಿಣಾಮ ಬಂದಾಗ ಏನು ಮಾಡಬೇಕು

ವಾಕರಿಕೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು: ನುಂಗಿದ ಒಂದು ಗಂಟೆಯೊಳಗೆ ಬರುತ್ತದೆ, ಒಮ್ಮೆಗೆ ಒಳಹೋದ ಕಬ್ಬಿಣದ ಪ್ರಮಾಣಕ್ಕೆ ತಕ್ಕಂತೆ ಇರುತ್ತದೆ. ಮೊದಲು ಹೊತ್ತು ಬದಲಿಸಿ ನೋಡಿ, ಮಲಗುವುದಕ್ಕೆ ಅರ್ಧ ಗಂಟೆ ಮುಂಚಿನ ಹೊತ್ತಿಗೆ. ಸರಿಹೋಗದಿದ್ದರೆ 100 ಮಿ.ಗ್ರಾಂ ಬದಲು 60 ಅಥವಾ ಗ್ಲೂಕೊನೇಟಿನ 35 ಮಿ.ಗ್ರಾಂ ಮಾತ್ರೆ ಕೇಳಿ ಪಡೆಯಿರಿ. ಅದೂ ಆಗದಿದ್ದರೆ ದಿನ ಬಿಟ್ಟು ದಿನ. ಇಷ್ಟೆಲ್ಲ ಮಾಡಿದ ಮೇಲೂ ಆಗದಿದ್ದರೆ ಕೊನೆಗೆ ಅಲ್ಪ ಆಹಾರದ ಜೊತೆ, ಅಂದರೆ ಒಂದು ಬಾಳೆಹಣ್ಣು ಅಥವಾ ಎರಡು ಇಡ್ಲಿ. ಹೀರಿಕೆ ಕಡಿಮೆಯಾಗುತ್ತದೆ, ಆದರೂ ಡಬ್ಬಿಯಲ್ಲಿ ಉಳಿದ ಮಾತ್ರೆಗಿಂತ ಮೇಲು. ಈ ‘ಅಲ್ಪ ಆಹಾರ’ ರಾಗಿ ಮಾಲ್ಟ್ ಆಗಬಾರದು. ರಾಗಿಯಲ್ಲಿ ಕ್ಯಾಲ್ಸಿಯಂ ನೂರು ಗ್ರಾಂಗೆ 350 ಮಿ.ಗ್ರಾಂ ದಾಟುತ್ತದೆ, ಅದರ ಮೇಲೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಬೇರೆ, ಕುಡಿಯುವುದು ಹಾಲು ಹಾಕಿ.

ಕೆಲವರಿಗೆ ಕಬ್ಬಿಣದ ಬೇರೆ ರೂಪಗಳಾದ ಫೆರಿಕ್ ಪಾಲಿಮಾಲ್ಟೋಸ್ ಅಥವಾ ಬಿಸ್‌ಗ್ಲೈಸಿನೇಟ್ ಹೆಚ್ಚು ಒಗ್ಗುತ್ತದೆ. ಪಾಲಿಮಾಲ್ಟೋಸನ್ನು ಊಟದ ಜೊತೆಯೇ ತೆಗೆದುಕೊಳ್ಳಬೇಕು ಎನ್ನುವುದು ನೆನಪಿರಲಿ; ಖಾಲಿ ಹೊಟ್ಟೆಯ ನಿಯಮ ಫೆರಸ್ ಲವಣಗಳಿಗೆ.

ಮಲಬದ್ಧತೆ: ದಿನಕ್ಕೆ ಎರಡು–ಎರಡೂವರೆ ಲೀಟರ್ ನೀರು, ಪರಂಗಿ ಹಣ್ಣು, ಸೀಬೆ, ಸೊಪ್ಪಿನ ಪಲ್ಯ. ನೆನೆಹಾಕಿದ ಒಣದ್ರಾಕ್ಷಿಯೂ ಒಳ್ಳೆಯದೇ. ಇಸಬಗೋಲ್ ಒಂದೆರಡು ಟೀ ಚಮಚವನ್ನು ದೊಡ್ಡ ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಐರನ್ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ. ಹರಳೆಣ್ಣೆ ಕುಡಿಯುವ ಹಳೆಯ ಪದ್ಧತಿ ಬಸುರಿಯರಿಗೆ ಕೂಡದು, ಗರ್ಭಕೋಶ ಕೆರಳುವ ಅಪಾಯವಿದೆ. ಅವರಿಗೆ ವೈದ್ಯರು ಲ್ಯಾಕ್ಟುಲೋಸ್ ಸಿರಪ್ ಬರೆದುಕೊಡುತ್ತಾರೆ. ಕೆಲವರಿಗೆ ಇದರ ತದ್ವಿರುದ್ಧ, ಭೇದಿ ಆಗುತ್ತದೆ. ಅಲ್ಲಿ ಪ್ರಮಾಣ ಇಳಿಸುವುದೇ ದಾರಿ.

ಕಪ್ಪು ಮಲ: ಐರನ್ ಮಾತ್ರೆಯಿಂದ ಮಲ ಹಸಿರು ಮಿಶ್ರಿತ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಆಕಾರ ಎಂದಿನಂತೆಯೇ ಇರುತ್ತದೆ, ನೀರು ಹಾಕಿದರೆ ಜಾರಿ ಹೋಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಬರುವ ಮಲ ಬೇರೆ ಥರ: ಡಾಂಬರಿನ ಹಾಗೆ ಜಿಗುಟು, ಹೊಳಪು, ಸಹಿಸಲಾಗದ ಗಬ್ಬುನಾತ, ಕಮೋಡಿಗೆ ಅಂಟಿಕೊಳ್ಳುತ್ತದೆ. ಜೊತೆಗೆ ತಲೆಸುತ್ತು, ಬೆವರು, ಎದೆಬಡಿತ. ಅದು ತುರ್ತು. ಮಂಡಿನೋವಿಗೆಂದು ಡೈಕ್ಲೋಫಿನಾಕ್ ಥರದ ನೋವಿನ ಮಾತ್ರೆ ದಿನಾ ನುಂಗುವವರು ಈ ವ್ಯತ್ಯಾಸ ಚೆನ್ನಾಗಿ ತಿಳಿದಿರಬೇಕು. ಐರನ್ ತೆಗೆದುಕೊಳ್ಳುತ್ತಿದ್ದೇನಲ್ಲ, ಅದಕ್ಕೇ ಕಪ್ಪು ಎಂದುಕೊಂಡು ಸುಮ್ಮನಿರುವುದು ಅವರ ವಿಷಯದಲ್ಲೇ ಹೆಚ್ಚು.

ಟಾನಿಕ್ ಕುಡಿಯುವವರಿಗೆ ಹಲ್ಲು ಕಪ್ಪಾಗುವುದು ಉಂಟು. ಸ್ಟ್ರಾದಲ್ಲಿ ಕುಡಿದು ಬಾಯಿ ಮುಕ್ಕಳಿಸಿದರೆ ಸಾಕು.

ಅಡುಗೆಮನೆಯಿಂದ ಎಷ್ಟು ನಿರೀಕ್ಷಿಸಬಹುದು

ಇಲ್ಲಿ ಅಂಕಿಗಳನ್ನೇ ನೋಡುವುದು ಒಳ್ಳೆಯದು. ದಾಳಿಂಬೆಯ ನೂರು ಗ್ರಾಂ ಕಾಳಿನಲ್ಲಿ ಕಬ್ಬಿಣ ಸುಮಾರು 0.3 ಮಿ.ಗ್ರಾಂ. ಬೀಟ್‌ರೂಟಿನಲ್ಲಿ 0.8ರಷ್ಟು. ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. ಒಂದು ಸರ್ಕಾರಿ ಮಾತ್ರೆಯ 60 ಮಿ.ಗ್ರಾಂ ದಾಳಿಂಬೆಯಿಂದಲೇ ಬರಬೇಕೆಂದರೆ ದಿನಕ್ಕೆ 20 ಕೆ.ಜಿ. ಕಾಳು ತಿನ್ನಬೇಕು. ಬೆಲ್ಲದಲ್ಲಿ ನೂರು ಗ್ರಾಂಗೆ 4–5 ಮಿ.ಗ್ರಾಂ ಇದೆ, ಆದರೆ ನಾವು ತಿನ್ನುವ ಹತ್ತು ಗ್ರಾಂ ಚೂರಿನಲ್ಲಿ ಅರ್ಧ ಮಿ.ಗ್ರಾಂ ಕೂಡ ಇಲ್ಲ. ಸಕ್ಕರೆ ಕಾಯಿಲೆಯವರು ರಕ್ತ ಹೆಚ್ಚಲಿ ಎಂದು ಬೆಲ್ಲ, ಖರ್ಜೂರ ಹೆಚ್ಚಿಸಿಕೊಂಡರೆ ಹೆಚ್ಚುವುದು ಸಕ್ಕರೆ.

ಹಾಗೆಂದು ಊಟಕ್ಕೆ ಬೆಲೆಯಿಲ್ಲವೆಂದಲ್ಲ. ಬರಿದಾದ ದಾಸ್ತಾನನ್ನು ತುಂಬುವುದು ಮಾತ್ರೆಯ ಕೆಲಸ. ತುಂಬಿದ್ದು ಮತ್ತೆ ಬರಿದಾಗದಂತೆ ನೋಡಿಕೊಳ್ಳುವುದು ಊಟದ ಕೆಲಸ. ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಆಹಾರದಿಂದ ಸಿಗಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿದೆ, ಗಂಡಸರಿಗೆ 19. ನಮ್ಮ ಅಡುಗೆಯಲ್ಲಿ ಇದಕ್ಕೆ ನಿಜವಾಗಿ ಒದಗುವವು ಹುರುಳಿ (ನೂರು ಗ್ರಾಂ ಕಾಳಿಗೆ 8 ಮಿ.ಗ್ರಾಂಗೂ ಹೆಚ್ಚು), ಎಳ್ಳು, ನುಗ್ಗೆಸೊಪ್ಪು, ದಂಟು–ಹರಿವೆ ಸೊಪ್ಪು, ರಾಗಿ (4.5ರ ಆಸುಪಾಸು), ಉತ್ತರ ಕರ್ನಾಟಕದಲ್ಲಿ ಬಾಣಂತಿಗೆ ಉಂಡಿ ಕಟ್ಟುವ ಅಳವಿ ಬೀಜ. ಮಾಂಸ ತಿನ್ನುವವರಿಗೆ ಕುರಿ–ಆಡಿನ ಈಲಿಯಷ್ಟು ಚೆನ್ನಾಗಿ ದಕ್ಕುವುದು ಬೇರೊಂದಿಲ್ಲ; ಮಾಂಸದ ಕಬ್ಬಿಣ ಕರುಳಿಗೆ ಸುಲಭವಾಗಿ ಹೀರಿಕೆಯಾಗುತ್ತದೆ. ಬಸುರಿಯರು ಮಾತ್ರ ಈಲಿಯನ್ನು ಮಿತಿಗಿಂತ ಹೆಚ್ಚು ತಿನ್ನಬಾರದು, ಅದರಲ್ಲಿ ವಿಟಮಿನ್ ಎ ಬಹಳ.

ಕಾಳು, ರಾಗಿಯಲ್ಲಿರುವ ಕಬ್ಬಿಣಕ್ಕೆ ಕಾವಲು ಕೂತಿರುವುದು ಫೈಟೇಟ್. ಅದನ್ನು ಒಡೆಯುವ ವಿದ್ಯೆ ನಮ್ಮ ಅಡುಗೆಯಲ್ಲೇ ಇದೆ: ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು. ಮೊಳಕೆ ರಾಗಿ ಹಿಟ್ಟು ಮಾಡಲು ರಾಗಿಯನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆದು, 10–12 ಗಂಟೆ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ 24ರಿಂದ 36 ಗಂಟೆ ಇಡಿ. ದಿನಕ್ಕೆರಡು ಸಲ ನೀರು ಚಿಮುಕಿಸಿ. ಬಿಳಿ ಮೊಳಕೆ ಕಾಲು ಅಂಗುಲ ಬಂದರೆ ಸಾಕು. ಲೋಳೆಯಾಗಿ ಹುಳಿವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ, ಅದನ್ನು ಬಿಸಾಡಬೇಕು. ನೆರಳಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಗಿರಣಿಗೆ ಕೊಡಿ. ತೇವ ಉಳಿದರೆ ಹಿಟ್ಟು ಬೂಷ್ಟು ಹಿಡಿಯುತ್ತದೆ. ಹುರುಳಿಯನ್ನೂ ಮೊಳಕೆ ಬರಿಸಿಯೇ ಸಾರು ಮಾಡಿ, ಬಡಿಸುವಾಗ ನಿಂಬೆ ಹಿಂಡಿ. ನಿಂಬೆಯನ್ನು ಒಲೆಯ ಮೇಲೆ ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಒಂದಿಷ್ಟು ನಾಶವಾಗುತ್ತದೆ. ಊಟದ ಜೊತೆ ಒಂದು ಹಸಿ ನೆಲ್ಲಿಕಾಯಿ ಅಥವಾ ಸೀಬೆ ಹಣ್ಣು ಇದ್ದರೆ ಇನ್ನೂ ಮೇಲು.

ಕಬ್ಬಿಣದ ಬಾಣಲೆ ಉಪಯೋಗಕ್ಕೆ ಬರುತ್ತದೆ, ಅದರಲ್ಲಿ ಬೇಯುವುದು ಹುಳಿ ಮತ್ತು ನೀರಿನಂಶ ಇರುವ ಪದಾರ್ಥವಾದರೆ. ಟೊಮೆಟೊ ಗೊಜ್ಜು, ಹುಣಸೆಹುಳಿ ಹಾಕಿದ ಸೊಪ್ಪಿನ ಪಲ್ಯ ಸಾಕಷ್ಟು ಕಬ್ಬಿಣ ಎಳೆದುಕೊಳ್ಳುತ್ತವೆ. ಎಣ್ಣೆ ಕುಡಿದು ಕಪ್ಪಗೆ ಪಳಗಿದ ದೋಸೆ ಕಾವಲಿಯಿಂದ ಬರುವುದು ಅತ್ಯಲ್ಪ. ಬೆಂದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿ, ಇಲ್ಲದಿದ್ದರೆ ಬಣ್ಣ ಕಪ್ಪಾಗಿ ಲೋಹದ ರುಚಿ ಬರುತ್ತದೆ.

ಸಪ್ಲಿಮೆಂಟು, ಲೋಹಾಸವ

ಕೂದಲಿಗೆಂದು ಮಾರುವ ಗಮ್ಮಿಗಳಲ್ಲಿ ಬಹಳಷ್ಟಕ್ಕೆ ಕಬ್ಬಿಣವೇ ಇರುವುದಿಲ್ಲ. ಮಲ್ಟಿವಿಟಮಿನ್‌ನಲ್ಲಿ ಇದ್ದರೂ ಅದೇ ಮಾತ್ರೆಯಲ್ಲಿ ಕ್ಯಾಲ್ಸಿಯಂ, ಜಿಂಕ್ ಸೇರಿರುತ್ತದೆ. ಇವು ಚಿಕಿತ್ಸೆಯ ಮಾತ್ರೆಗೆ ಬದಲಿಯಾಗವು. ಲೋಹಾಸವ, ಮಂಡೂರ ಇರುವ ಆಯುರ್ವೇದ ಔಷಧಿಗಳಲ್ಲಿರುವುದೂ ಕಬ್ಬಿಣವೇ. ಎರಡೂ ಕಡೆಯ ವೈದ್ಯರಿಗೆ ತಿಳಿಸದೆ ಎರಡನ್ನೂ ತೆಗೆದುಕೊಂಡರೆ ಹೊಟ್ಟೆಗೆ ಬೀಳುವ ಪ್ರಮಾಣ ಹೆಚ್ಚಾಗುತ್ತದೆ. ಆಸವಗಳಲ್ಲಿ ಹುಳಿತದಿಂದ ಬಂದ ಆಲ್ಕೋಹಾಲ್ ಇರುವುದರಿಂದ ಬಸುರಿಯರಿಗೆ ಸಲ್ಲದು. ತಯಾರಕರ ಹೆಸರು, ಪರವಾನಗಿ ಸಂಖ್ಯೆ ಇಲ್ಲದ ಭಸ್ಮದ ಪೊಟ್ಟಣ ಯಾರೇ ಕೊಟ್ಟರೂ ಬೇಡ. ಅಂಥವುಗಳಲ್ಲಿ ಸೀಸ ಬೆರೆತಿರುವುದು ಪತ್ತೆಯಾದದ್ದುಂಟು.

ಮನೆಯಲ್ಲಿ ಮಕ್ಕಳಿದ್ದರೆ

ಕೆಂಪಗೆ ಹೊಳೆಯುವ, ಮೇಲೆ ಸಿಹಿ ಲೇಪವಿರುವ ಮಾತ್ರೆ ಮಗುವಿನ ಕಣ್ಣಿಗೆ ಮಿಠಾಯಿ. ದೇಹದ ತೂಕದ ಪ್ರತಿ ಕೆ.ಜಿ.ಗೆ 20 ಮಿ.ಗ್ರಾಂ ದಾಟಿದರೆ ವಿಷಲಕ್ಷಣ ಶುರು, 60 ದಾಟಿದರೆ ಪ್ರಾಣಾಪಾಯ. ಹತ್ತು ಕೆ.ಜಿ. ತೂಗುವ ಮಗುವಿಗೆ 100 ಮಿ.ಗ್ರಾಂನ ಆರು ಮಾತ್ರೆ ಸಾಕು. ಮೊದಲ ಕೆಲವು ಗಂಟೆ ವಾಂತಿ, ಭೇದಿ, ಕೆಲವೊಮ್ಮೆ ರಕ್ತ. ಆಮೇಲೆ ಮಗು ಚೇತರಿಸಿಕೊಂಡಂತೆ ಕಾಣುತ್ತದೆ. ಇದು ಮೋಸದ ಹಂತ: ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಖಾಲಿ ಸ್ಟ್ರಿಪ್ ಹಿಡಿದುಕೊಂಡು 108ಕ್ಕೆ ಕರೆ ಮಾಡಿ ಅಥವಾ ನೇರ ದೊಡ್ಡ ಆಸ್ಪತ್ರೆಗೆ ಓಡಿ. ಎಷ್ಟು ಮಾತ್ರೆ ಕಡಿಮೆಯಾಗಿವೆ ಎಂಬ ಲೆಕ್ಕ ಅಲ್ಲಿ ಬೇಕಾಗುತ್ತದೆ.

ಮಕ್ಕಳಿಗೇ ಕೊರತೆಯಿದ್ದರೆ ಡೋಸ್ ತೂಕದ ಮೇಲೆ. ಚಿಕಿತ್ಸೆಗೆ ಸಾಮಾನ್ಯವಾಗಿ ಕೆ.ಜಿ.ಗೆ ದಿನಕ್ಕೆ 3 ಮಿ.ಗ್ರಾಂನಷ್ಟು. ಡ್ರಾಪ್ಸ್ ಸಿರಪ್ಪಿಗಿಂತ ಗಾಢವಾಗಿರುವುದರಿಂದ ಒಂದರ ಅಳತೆ ಇನ್ನೊಂದಕ್ಕೆ ಹಾಕಬಾರದು, ಮನೆಯ ಚಮಚದಲ್ಲಿ ಅಳೆಯಲೂಬಾರದು. ಒಂದು ವರ್ಷ ದಾಟಿದ ಮಗು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿಯುತ್ತಿದ್ದರೆ ಹೊಟ್ಟೆ ತುಂಬಿ ಊಟ ಸೇರುವುದಿಲ್ಲ. ರಕ್ತಹೀನತೆಗೆ ಇದೂ ಒಂದು ಕಾರಣ. ಟೀಯಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವುದನ್ನಂತೂ ಬಿಡಿ.

ಏರುತ್ತಿದೆಯೇ, ಯಾವಾಗ ನಿಲ್ಲಿಸಬೇಕು

ಸರಿಯಾಗಿ ನುಂಗಿದರೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಬೇಕು. ಅದೇ ಲ್ಯಾಬಿನಲ್ಲಿ, ರಕ್ತನಾಳದಿಂದ ತೆಗೆದ ರಕ್ತದಲ್ಲೇ ನೋಡಿಸಿ. ಬೆರಳು ಚುಚ್ಚಿ ನೋಡಿದ್ದರ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ದಿನ ಬಿಟ್ಟು ದಿನ ನುಂಗುವವರಿಗೆ ಸ್ವಲ್ಪ ನಿಧಾನವಾಗಬಹುದು.

ಏರದಿದ್ದರೆ ಮೂರು ಪ್ರಶ್ನೆ. ನಿಜಕ್ಕೂ ನುಂಗುತ್ತಿದ್ದಾರೆಯೇ? ಹೀರಿಕೆಗೆ ಅಡ್ಡಿ ಇದೆಯೇ: ಕಾಫಿ, ಕ್ಯಾಲ್ಸಿಯಂ, ಗ್ಯಾಸ್ ಮಾತ್ರೆ, ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು? ಹಾಕಿದ್ದು ಸೋರಿಹೋಗುತ್ತಿದೆಯೇ? ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ಅಥವಾ ಏಳು ದಿನಕ್ಕೂ ಮೀರಿ ಹೋಗುವ ಮುಟ್ಟು, ಮೂಲವ್ಯಾಧಿ, ನೋವಿನ ಮಾತ್ರೆಯ ಹುಣ್ಣು, ಬರಿಗಾಲಲ್ಲಿ ತೋಟ–ಗದ್ದೆಯಲ್ಲಿ ದುಡಿಯುವವರಿಗೆ ಕೊಕ್ಕೆಹುಳು. ಕೊಕ್ಕೆಹುಳಕ್ಕೆ 400 ಮಿ.ಗ್ರಾಂ ಆಲ್ಬೆಂಡಜೋಲ್ ಒಂದೇ ಮಾತ್ರೆ. ಬಸುರಿನ ಮೊದಲ ಮೂರು ತಿಂಗಳು ಅದು ಕೂಡದು. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣಾಂಶದ ಕೊರತೆ ಕಂಡರೆ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು. ಹೊಟ್ಟೆ ಅಥವಾ ದೊಡ್ಡಕರುಳಿನಲ್ಲಿ ಸಣ್ಣಗೆ ರಕ್ತ ಸೋರುವ ಗಡ್ಡೆ ಇಲ್ಲವೆಂದು ಎಂಡೋಸ್ಕೋಪಿ, ಕೊಲೊನೋಸ್ಕೋಪಿಯಲ್ಲಿ ಖಾತ್ರಿಯಾಗಬೇಕು. ಐರನ್ ನುಂಗಿ ಹಿಮೋಗ್ಲೋಬಿನ್ ಸರಿಹೋದರೂ ಈ ತಪಾಸಣೆ ಬಿಡುವಂತಿಲ್ಲ.

ಮಾತ್ರೆ ಯಾವ ಥರದಲ್ಲೂ ಆಗದವರಿಗೆ, ಹೆರಿಗೆ ಹತ್ತಿರವಿದ್ದು ಕೊರತೆ ಹೆಚ್ಚಿರುವವರಿಗೆ ಡ್ರಿಪ್ ಮೂಲಕ ಐರನ್ ಕೊಡುತ್ತಾರೆ. ಅಲರ್ಜಿಯ ಸಾಧ್ಯತೆ ಇರುವುದರಿಂದ ಆಸ್ಪತ್ರೆಯಲ್ಲೇ ಆಗಬೇಕು. ಸೂಜಿಯ ಜಾಗದಲ್ಲಿ ಉರಿ, ಊತ ಬಂದರೆ ಕೂಡಲೇ ನರ್ಸಿಗೆ ಹೇಳಿ. ಔಷಧಿ ಹೊರಗೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಹಿಮೋಗ್ಲೋಬಿನ್ 12 ಮುಟ್ಟಿದ ದಿನವೇ ಮಾತ್ರೆ ನಿಲ್ಲಿಸುವುದರಿಂದಲೇ ಎಷ್ಟೋ ಜನ ವರ್ಷದೊಳಗೆ ಮತ್ತೆ ಸುಸ್ತೆಂದು ಬರುತ್ತಾರೆ. ರಕ್ತ ತುಂಬಿದರೂ ದಾಸ್ತಾನು ಇನ್ನೂ ಖಾಲಿಯೇ ಇರುತ್ತದೆ. ಅಂಕಿ ಸರಿಹೋದ ಮೇಲೆ ಇನ್ನೂ ಮೂರು ತಿಂಗಳು ಮುಂದುವರಿಸಿ, ಆಮೇಲೆ ಫೆರಿಟಿನ್ ನೋಡಿಸಿ ನಿಲ್ಲಿಸಬೇಕು. ನಿಲ್ಲಿಸಿದ ಮೂರು ತಿಂಗಳಿಗೆ ಒಮ್ಮೆ ಸಿಬಿಸಿ. ಮುಟ್ಟಿನಲ್ಲಿ ಹೆಚ್ಚು ಹೋಗುವವರಿಗೆ ಆಗ ಮತ್ತೆ ಇಳಿದಿದ್ದರೆ ಐರನ್ ಜೊತೆ ಸ್ತ್ರೀರೋಗ ತಜ್ಞರ ಚೀಟಿಯೂ ಬೇಕು.